ಅಡ್ಡ ಹುಲ್ಲು, ಉದ್ದ ಹುಲ್ಲು

ಚಮನ್ ಸಾಬರ ಗುಜರಿಯಲ್ಲಿ ತಕ್ಕಡಿಗೆ ಬಿದ್ದಿತ್ತು.
ಕಬ್ಬಿಣವಲ್ಲ, ಹಿತ್ತಾಳೆಯಲ್ಲ, ಮುಳ್ಳು ಅಲುಗಲಿಲ್ಲ.
"ಒಯ್ಯಿ ಕೊಟ್ರಪ್ಪ, ತೂಕಕ್ಕೆ ಬಾರದ್ದು ನಿನಗೇ ಸರಿ."
ಬಾಸಿಂಗ ಕಟ್ಟುವವನಿಗೆ, ಬೆಂಡು ಹೆರೆದು ಬಾಳಿದವನಿಗೆ
ಅದು ಬೈಗುಳವೋ ಮರ್ಯಾದೆಯೋ
ಮಂಡಿಪೇಟೆ ದಾಟುವವರೆಗೂ ತಿಳಿಯಲಿಲ್ಲ.

ಗೇಣುದ್ದದ ಪೆಟ್ಟಿಗೆ. ಮುಚ್ಚಳದ ಮೇಲೊಂದು ಮನೆ,
ಮನೆಗೊಂದು ಹೊಗೆಗೂಡು, ಪಕ್ಕದಲ್ಲಿ
ನಮ್ಮ ಸೀಮೆಯದಲ್ಲದ ಒಂದು ಮರ,
ಸುತ್ತಲೂ ಪಗಡೆ ಹಾಸಿನಂತೆ ಚೌಕ, ಚೌಕ.
ಬಣ್ಣದ ಕೆಲಸ ಅಂದುಕೊಂಡೆ.
ಉಗುರು ತಾಕಿಸಿದೆ. ಹುಲ್ಲು!
ಸೀಳಿ, ಒಳಗಿನ ಬಿಳಿ ತಿರುಳು ಹೆರೆದು,
ತಟ್ಟಿ ಮಟ್ಟಸ ಮಾಡಿ ಅಂಟಿಸಿದ ಹುಲ್ಲು.
ಎತ್ತಿನ ಮುಂದೆ ಹಾಕುವಂಥದ್ದು.

ಹಾಲಮ್ಮ ಕಿಟಕಿಗೆ ಹಿಡಿದಳು:
"ಈ ಚೌಕ ಕಪ್ಪು, ಇದು ಬಂಗಾರ."
ಕೈ ಒಂಚೂರು ತಿರುಗಿತು.
"ಅಯ್ಯ, ಈಗ ಇದು ಕಪ್ಪು, ಅದು ಬಂಗಾರ!"
ಎರಡೂ ಒಂದೇ ಹುಲ್ಲು.
ಒಂದನ್ನು ಉದ್ದಕ್ಕೆ ಇಟ್ಟಿದ್ದಾನೆ, ಇನ್ನೊಂದನ್ನು ಅಡ್ಡಕ್ಕೆ.
ಬೆಳಕಿಗೆ ಅಷ್ಟು ಸಾಕು.

ಯಾರು ಇಟ್ಟಿದ್ದು? ಮಿಲ್ಲಿನ ಹಳೇ ಫಿಟ್ಟರ್ ರುದ್ರಮುನಿ
ಎಲ್ಲೋ ಓದಿದ್ದನಂತೆ:
ಸಮುದ್ರದಾಚೆ ಯಾವುದೋ ಯುದ್ಧದ ಸೆರೆಯಾಳುಗಳು
ಮಲಗುವ ಹುಲ್ಲನ್ನೇ ಸೀಳಿ ಇಂಥವು ಮಾಡಿ
ಕಾವಲಿನವರಿಗೆ ಮಾರಿ ತಂಬಾಕು ಕೊಂಡರಂತೆ.
"ಹಾಸಿಗೆ ಮಾರಿ ಹೊಗೆ ಬಿಟ್ಟರು" ಎಂದಳು ಹಾಲಮ್ಮ
ನನ್ನ ಬೀಡಿ ಕಡೆ ನೋಡುತ್ತಾ.
ದಾವಣಗೆರೆಗೆ ಇದು ಹೇಗೆ ಬಂತೋ,
ಯಾವ ಸಾಹೇಬ ತಂದನೋ, ಯಾವ ಮಡದಿ ಉಂಗುರವಿಟ್ಟಳೋ.
ಒಳಗೆ ಈಗ ಒಂದು ಕಾಡಿಗೆ ಕಲೆ, ಅಷ್ಟೇ.

ನಾಲ್ಕು ಚೌಕ ಉದುರಿದ್ದವು. ಮನೆಗೆ ಬಾಗಿಲೇ ಇರಲಿಲ್ಲ.

ಹುಲ್ಲಿಗೆ ಹೊರಟೆ. ಹುಲ್ಲಿಗೆ ಬರವೇ, ಈ ನಾಡಲ್ಲಿ?
ಕುಕ್ಕವಾಡದ ಗದ್ದೆಯಲ್ಲಿ ಯಂತ್ರ ನುಂಗಿ ಉಗುಳಿದ್ದು
ಗೆಣ್ಣಿಗೊಂದು ಮುರಿತ.
ಕೈಕೊಯ್ಲಿನದು ಸಿಕ್ಕಿತು, ಸೀಳಿದರೆ ದಾರ.
ಜೋಳದ ದಂಟು ನನ್ನ ಹೆಬ್ಬೆರಳಿನಷ್ಟು ಒರಟು.
ಕೊನೆಗೆ ಜಗಳೂರಿನಾಚೆ, ಬಸ್ಸಿಳಿದು ಮೂರು ಮೈಲಿ,
ಸಣ್ಣಪಾಲಯ್ಯ ಮನೆಯ ಹುಗ್ಗಿಗೆಂದು ಬೆಳೆದ
ಅರ್ಧ ಎಕರೆ ಜವೆಗೋಧಿ.
"ಗಾಡಿ ತಂದೀಯೇನು? ಎಷ್ಟು ಬೇಕು?"
"ಹನ್ನೆರಡು ಕಡ್ಡಿ."
ನಕ್ಕ, ನಕ್ಕು ಕೆಮ್ಮಿದ, ರೊಕ್ಕ ಮುಟ್ಟಲಿಲ್ಲ:
"ಹನ್ನೆರಡು ಕಡ್ಡಿ ಮಾರಿದೆ ಅಂದರೆ ನನ್ನೆತ್ತು ನನ್ನನ್ನು ಕೇಳುತ್ತೆ."

ಬೆಂಡು ಹೇಳಿದಂತೆ ಕೇಳುವ ಕೂಸು.
ಹುಲ್ಲಿಗೆ ಮೂಳೆಯಿದೆ, ಕೋಪವಿದೆ.
ಎರಡು ಕಡ್ಡಿ ಸೀಳಿ ಹೋದವು, ಒಂದು ನನ್ನ ಉಸಿರಿಗೇ ಹಾರಿತು.
ಹುಣಿಸೆ ಬೀಜದ ಅಂಟು ಕಾಯಿಸಿ ಕೂತೆ.
ಬಾಗಿಲ ಜಾಗದ ಹಳೇ ಅಂಟು ಕೆರೆದಾಗ
ಅಡಿಯಲ್ಲೊಂದು ಸೀಸದ ಗೀಟು ಕಂಡಿತು.
ಮುಚ್ಚಿದ ಬಾಗಿಲಲ್ಲ ಅವನು ಬರೆದದ್ದು.
ಒಂದು ಕೈ ಹೋಗುವಷ್ಟು ತೆರೆದದ್ದು.

ಯಾರಿಗೂ ಕಾಣದ ಗೀಟು. ಅದರ ಮೇಲೆ ನಾನೀಗ
ಉದ್ದಕ್ಕೆ ಇಡಲೋ? ಅಡ್ಡಕ್ಕೋ?
ನನ್ನ ಬಾಸಿಂಗ ಒಂದೇ ಹಗಲಿನದು.
ಧಾರೆ ಮುಗಿದರೆ ಜಂತಿಗೆ ಸಿಕ್ಕಿಸಿ ಮರೆಯುತ್ತಾರೆ,
ತಪ್ಪಿದ್ದರೂ ಹೊಗೆ ಮುಚ್ಚುತ್ತೆ.
ಇದು ಉಳಿಯುತ್ತದೆ. ಕೈ ನಡುಗಿತು.
"ಅಡ್ಡಕ್ಕಿಡಿ" ಎಂದಳು ಹಾಲಮ್ಮ ಅಕ್ಕಿ ಆರಿಸುತ್ತಲೇ,
"ಮನೆ ಕತ್ತಲಾದಾಗ ಬಾಗಿಲಾದರೂ ಬೆಳಗಲಿ."

ಹೊಸ ಹುಲ್ಲು ಹಳದಿ, ಹಳೆಯದು ಜೇನು.
ಒಂದಾಗಲು ಐವತ್ತು ವರ್ಷ ಬೇಕು,
ಅದು ನನ್ನ ಲೆಕ್ಕಕ್ಕೆ ಬರುವುದಿಲ್ಲ.

ಹನ್ನೆರಡರಲ್ಲಿ ಒಂಬತ್ತು ಖರ್ಚಾದವು.
ಉಳಿದ ಮೂರನ್ನು ಮೊಮ್ಮಗಳು ಜೋಡಿಸಿಕೊಂಡು
ಗೋಲಿಸೋಡಾ ಹೀರಿದಳು,
ಕೊನೆಯ ಗುಟುಕಿಗೆ ಗೊರ್ ಎಂದು ಸದ್ದು ಮಾಡಿ.